ಕಾರಿಗೆ 15 ವರ್ಷ ತುಂಬಿತೇ? ಗುಜರಿಗೆ ಕೊಡುವ ಮೊದಲು ಇಷ್ಟು ತಿಳಿದಿರಲಿ

ಶಿರಸಿ: 'ಹದಿನೈದು ವರ್ಷ ಆಯ್ತಲ್ಲ, ಇನ್ನು ಈ ಗಾಡಿ ರಸ್ತೆಗೆ ಇಳಿಸೋ ಹಾಗಿಲ್ಲ, ಬಂದಷ್ಟಕ್ಕೆ ಕೊಟ್ಟುಬಿಡಿ.' ಹಳೆ ಕಾರು ಇಟ್ಟುಕೊಂಡವರಿಗೆ ಬ್ರೋಕರ್‌ಗಳಿಂದ ಇಂಥ ಮಾತು ಕೇಳಿಬರುವುದು ಸಾಮಾನ್ಯ. ಇದನ್ನು ನಂಬಿ ಚೆನ್ನಾಗಿ ಓಡುವ ಕಾರನ್ನು ಗುಜರಿ ರೇಟಿಗೆ ಕೊಟ್ಟರೆ ನಷ್ಟ ಮಾಲೀಕರಿಗೇ.

ಡೀಸೆಲ್‌ಗೆ 10 ವರ್ಷ, ಪೆಟ್ರೋಲ್‌ಗೆ 15 ವರ್ಷ ಎಂಬ ಕಟ್ಟುಪಾಡು ಹುಟ್ಟಿದ್ದು ದೆಹಲಿ ಮತ್ತು ಅದರ ಸುತ್ತಲಿನ ರಾಜಧಾನಿ ಪ್ರದೇಶಕ್ಕೆ. 15 ವರ್ಷ ದಾಟಿದರೆ ನೋಂದಣಿ ನವೀಕರಣ ಇಲ್ಲ ಎಂಬ 2023ರ ನಿಯಮ ಸರ್ಕಾರಿ ವಾಹನಗಳಿಗೆ. ನಮ್ಮ ರಾಜ್ಯದ ಖಾಸಗಿ ಕಾರಿಗೆ ಇವೆರಡೂ ಅನ್ವಯಿಸುವುದಿಲ್ಲ. ಪರೀಕ್ಷೆಯಲ್ಲಿ ಪಾಸಾದರೆ ಆರ್‌ಸಿಯನ್ನು 5 ವರ್ಷಕ್ಕೆ ನವೀಕರಿಸಿಕೊಡುತ್ತಾರೆ, ಆಮೇಲೆ ಮತ್ತೆ ಮಾಡಿಸಬಹುದು.

ಬಿಳಿ ಬೋರ್ಡಿನ ಕಾರಿಗೆ ಮೊದಲ 15 ವರ್ಷ ಎಫ್‌ಸಿ ಮಾಡಿಸುವ ಗೋಜಿಲ್ಲ. ತೊಂದರೆ ಶುರುವಾಗುವುದೂ ಇಲ್ಲೇ. ಇಷ್ಟು ವರ್ಷ ಆರ್‌ಟಿಒ ಆಫೀಸಿನ ಮೆಟ್ಟಿಲು ಹತ್ತದವರಿಗೆ ಆರ್‌ಸಿಯ ಅವಧಿ ಮುಗಿದದ್ದೇ ಗೊತ್ತಿರುವುದಿಲ್ಲ. ಅವಧಿ ಮುಗಿದ ಮೇಲೆ ಗಾಡಿ ಓಡಿಸಿದರೆ ದಂಡ ಒಂದು ಕಡೆ. ಅಪಘಾತವಾದರೆ ವಿಮಾ ಕಂಪನಿ ತಕರಾರು ತೆಗೆಯಲು ದಾರಿ ಮಾಡಿಕೊಟ್ಟ ಹಾಗೆ. ಆರ್‌ಸಿಯಲ್ಲಿರುವ ದಿನಾಂಕವನ್ನು ಇವತ್ತೇ ನೋಡಿಕೊಳ್ಳಿ. ಅವಧಿ ಮುಗಿಯುವ 60 ದಿನ ಮೊದಲಿನಿಂದ ಅರ್ಜಿ ಹಾಕಬಹುದು.

ಅರ್ಜಿ ಎಂದರೆ ಫಾರಂ 25. ಪರಿವಾಹನ್ ವೆಬ್‌ಸೈಟಿನಲ್ಲಿ ತುಂಬಿ, ಶುಲ್ಕ ಕಟ್ಟಿ, ಪ್ರಿಂಟ್ ತೆಗೆದು, ಗಾಡಿ ಸಮೇತ ಆಫೀಸಿಗೆ ಹೋಗಬೇಕು. ಮೂಲ ಆರ್‌ಸಿ, ಚಾಲ್ತಿಯಲ್ಲಿರುವ ವಿಮೆ, ಎಮಿಷನ್ ಸರ್ಟಿಫಿಕೇಟ್, ಆಧಾರ್, ಪ್ಯಾನ್ ಜೊತೆಗಿರಲಿ. ಆರ್‌ಸಿಗೆ ಜೋಡಿಸಿದ ಮೊಬೈಲ್ ನಂಬರು ಹಳೆಯದಾಗಿದ್ದರೆ ಒಟಿಪಿ ಬರುವುದಿಲ್ಲ, ಅದನ್ನು ಮೊದಲು ಸರಿಮಾಡಿಸಿ.

ಹಲವರು ಸಿಕ್ಕಿಬೀಳುವುದು ಹಳೇ ಸಾಲದಲ್ಲಿ. ಕಂತು ತೀರಿ ಎಷ್ಟೋ ವರ್ಷವಾಗಿರುತ್ತದೆ, ಆದರೆ ಆರ್‌ಸಿಯಲ್ಲಿ ಬ್ಯಾಂಕಿನ ಹೆಸರು ಹಾಗೇ ಉಳಿದಿರುತ್ತದೆ. ಸಾಲ ಕೊಟ್ಟವರಿಂದ ಎನ್‌ಒಸಿ ಮತ್ತು ಸಹಿ ಮಾಡಿದ ಫಾರಂ 35 ತಂದು ಅದನ್ನು ತೆಗೆಸಬೇಕು. ಆ ಶಾಖೆ ಇನ್ನೊಂದು ಬ್ಯಾಂಕಿನಲ್ಲಿ ವಿಲೀನವಾಗಿದ್ದರೆ ಓಡಾಟ ಇನ್ನೂ ಜಾಸ್ತಿ. ಆದ್ದರಿಂದ ಈ ಕೆಲಸವನ್ನು ಕೊನೆಯ ವಾರಕ್ಕೆ ಇಟ್ಟುಕೊಳ್ಳಬೇಡಿ.

ಇನ್ನೊಂದು, ನಮ್ಮ ಮಳೆ. ಮಲೆನಾಡಿನ ಮಳೆಗಾಲದಲ್ಲಿ ಕಾರಿನ ತಳ ತುಕ್ಕು ಹಿಡಿಯುವುದು ಎಲ್ಲರಿಗೂ ಗೊತ್ತು. ಚಾಸಿ ನಂಬರಿನ ಮೇಲೂ ತುಕ್ಕು ಕೂತರೆ ಪೆನ್ಸಿಲ್ ಉಜ್ಜಿ ಅಚ್ಚು ತೆಗೆಯಲು ಆಗುವುದಿಲ್ಲ. ಹೋಗುವ ಮೊದಲು ಗ್ಯಾರೇಜಿನಲ್ಲಿ ಮೆಲ್ಲಗೆ ಕ್ಲೀನ್ ಮಾಡಿಸಿ. ನಂಬರು ಅಳಿಸಿಹೋಗಿದ್ದರೆ ಇಲಾಖೆಯ ಅನುಮತಿ ಇಲ್ಲದೆ ಪಂಚ್ ಮಾಡಿಸಲು ಹೋಗಲೇಬೇಡಿ, ಕಳವಿನ ಗಾಡಿ ಎಂಬ ಅನುಮಾನ ಬರುತ್ತದೆ. ಬ್ರೇಕ್ ಇನ್‌ಸ್ಪೆಕ್ಟರ್ ನೋಡುವುದು ಮಾಮೂಲಿ ಸಂಗತಿಗಳನ್ನೇ: ಬ್ರೇಕ್, ಲೈಟು, ಇಂಡಿಕೇಟರ್, ಟಯರು, ಹಾರ್ನ್, ವೈಪರ್. ಬಣ್ಣ ಬದಲಾಗಿದ್ದರೆ ಆರ್‌ಸಿಯಲ್ಲೂ ಬದಲಾಗಿರಬೇಕು. 2019 ಏಪ್ರಿಲ್ 1ಕ್ಕಿಂತ ಮೊದಲಿನ ಗಾಡಿಯಾದರೆ ಎಚ್‌ಎಸ್‌ಆರ್‌ಪಿ ಪ್ಲೇಟ್ ಹಾಕಿಸಿಕೊಂಡೇ ಹೋಗುವುದು ಲೇಸು.

ಖರ್ಚು? 2022ರ ಏಪ್ರಿಲ್‌ನಿಂದ ಕಾರಿನ ನವೀಕರಣ ಶುಲ್ಕ 600 ರೂಪಾಯಿಯಿಂದ 5,000ಕ್ಕೆ ಏರಿದೆ, ಬೈಕಿಗೆ 1,000. 20 ವರ್ಷ ದಾಟಿದ ಕಾರಿಗೆ 2025ರ ಆಗಸ್ಟ್‌ನಲ್ಲಿ 10,000 ಮಾಡಿದರು. ಇದರ ಮೇಲೆ ರಾಜ್ಯದ ಹಸಿರು ತೆರಿಗೆ ಇದೆ. ತಡಮಾಡಿದರೆ ಕಾರಿಗೆ ತಿಂಗಳಿಗೆ 500, ಬೈಕಿಗೆ 300 ರೂಪಾಯಿ ಹೆಚ್ಚುವರಿ. ಎರಡು ವರ್ಷ ಮರೆತರೆ ಕಾರಿಗೆ ಅದೇ 12,000 ಆಯಿತು! ಶುಲ್ಕ ಕಟ್ಟುವಾಗ ವೆಬ್‌ಸೈಟಿನಲ್ಲಿ ಮೊತ್ತ ಕಾಣುತ್ತದೆ, ಏಜೆಂಟ್ ಹೇಳಿದ ಲೆಕ್ಕಕ್ಕೂ ಅದಕ್ಕೂ ತಾಳೆ ನೋಡಿ.

ಎಮಿಷನ್ ಟೆಸ್ಟಿನ ವಿಷಯ ಬೇರೆ. ಹೊಸ ಗಾಡಿಗೆ ವಿನಾಯಿತಿ ಇರುವುದು ಮೊದಲ ಒಂದು ವರ್ಷ ಮಾತ್ರ. ಆಮೇಲೆ ಬಿಎಸ್ 4 ಮತ್ತು ಬಿಎಸ್ 6 ಗಾಡಿಗಳಿಗೆ ವರ್ಷಕ್ಕೊಮ್ಮೆ, ಅದಕ್ಕಿಂತ ಹಳೆಯವಕ್ಕೆ 6 ತಿಂಗಳಿಗೊಮ್ಮೆ. ಸರ್ಟಿಫಿಕೇಟ್ ಇಲ್ಲದೆ ಸಿಕ್ಕಿಬಿದ್ದರೆ ಕಾನೂನಿನ ಪ್ರಕಾರ ದಂಡ 10,000 ರೂಪಾಯಿವರೆಗೂ ಹೋಗಬಹುದು. ಬ್ಯಾಟರಿ ಗಾಡಿಗೆ ಈ ಟೆಸ್ಟ್ ಇಲ್ಲ, ಆರ್‌ಸಿ ನವೀಕರಣ ಶುಲ್ಕಕ್ಕೂ 2021ರಿಂದ ವಿನಾಯಿತಿ ಇದೆ.

ಅಂಗಡಿಗೆ ಸಾಮಾನು ತರುವ ಹಳದಿ ಬೋರ್ಡಿನ ಗೂಡ್ಸ್ ಗಾಡಿಗೆ 15 ವರ್ಷದ ಈ ರಿಯಾಯಿತಿ ಇಲ್ಲವೇ ಇಲ್ಲ. 8 ವರ್ಷದವರೆಗೆ ಎರಡು ವರ್ಷಕ್ಕೊಮ್ಮೆ, ನಂತರ ಪ್ರತಿ ವರ್ಷ ಎಫ್‌ಸಿ ಆಗಬೇಕು. ಎಫ್‌ಸಿ ತಪ್ಪಿದರೆ ಕಾನೂನಿನ ಕಣ್ಣಿಗೆ ಅದು ನೋಂದಣಿಯೇ ಇಲ್ಲದ ಗಾಡಿ.