ಎರಡನೆಯ ನೌಕರಿ ಇರುವ ಊರು

ಧಾರವಾಡದ ಕರ್ನಾಟಕ ಕಾಲೇಜಿನ ಮುಖ್ಯ ಕಟ್ಟಡವನ್ನು ಕಾಲೇಜಿಗೆಂದು ಕಟ್ಟಿದ್ದಲ್ಲ. ಅದು ರೈಲ್ವೆ ಕಂಪನಿಯೊಂದರ ಕಚೇರಿಯಾಗಿತ್ತು. 1882ರಲ್ಲಿ ಹುಟ್ಟಿದ ಸದರ್ನ್ ಮರಾಠಾ ರೈಲ್ವೆ ತನ್ನ ಕೇಂದ್ರ ಕಚೇರಿಗೆ ಆರಿಸಿಕೊಂಡದ್ದು ಪುಣೆಯನ್ನಲ್ಲ, ಬೆಳಗಾವಿಯನ್ನಲ್ಲ, ಧಾರವಾಡವನ್ನು. ಸಮುದ್ರ ಮಟ್ಟದಿಂದ ಸುಮಾರು 750 ಮೀಟರ್ ಎತ್ತರ, ಪಶ್ಚಿಮಕ್ಕೆ ಮಲೆನಾಡು, ಪೂರ್ವಕ್ಕೆ ಎರೆಮಣ್ಣಿನ ಬಯಲು, ಬೇಸಿಗೆಯಲ್ಲೂ ಸಂಜೆಗೆ ಗಾಳಿ. ಸಾಹೇಬರಿಗೆ ಹಿಡಿಸುವ ಹವೆ. ಜಿಲ್ಲೆಯ ಮುಖ್ಯ ಠಾಣೆಯಂತೂ ಮೊದಲೇ ಅಲ್ಲಿತ್ತು.

1908ರಲ್ಲಿ ಆ ಕಂಪನಿ ಮದ್ರಾಸ್ ರೈಲ್ವೆಯ ಜೊತೆ ಸೇರಿ ಮದ್ರಾಸ್ ಆಂಡ್ ಸದರ್ನ್ ಮರಾಠಾ ರೈಲ್ವೆ ಆಯಿತು. ಕೇಂದ್ರ ಕಚೇರಿ ಮದ್ರಾಸಿಗೆ ಹೋಯಿತು. ಇಪ್ಪತ್ತು ಕಿಲೋಮೀಟರ್ ಆಚೆಗಿನ ಹುಬ್ಬಳ್ಳಿಯಲ್ಲಿ ಇದೇ ಕಂಪನಿ 1880ರ ದಶಕದಲ್ಲಿ ಕಟ್ಟಿದ ವರ್ಕ್‌ಶಾಪ್ ಮಾತ್ರ ಅಲ್ಲೇ ಉಳಿಯಿತು, ಇವತ್ತಿಗೂ ಇದೆ. ಕಬ್ಬಿಣದ ಯಂತ್ರ, ಕುಲುಮೆ, ಹಳಿ ಇವನ್ನೆಲ್ಲ ಎತ್ತಿಕೊಂಡು ಹೋಗುವುದು ಕಷ್ಟ. ಕಡತಗಳನ್ನು ಎತ್ತಿಕೊಂಡು ಹೋಗುವುದು ಸುಲಭ. ಅಕ್ಕಪಕ್ಕದ ಈ ಎರಡು ಊರುಗಳ ಮುಂದಿನ ನೂರು ವರ್ಷದ ಸ್ವಭಾವದಲ್ಲಿ ಈ ವ್ಯತ್ಯಾಸದ ಪಾಲು ದೊಡ್ಡದು. ಹುಬ್ಬಳ್ಳಿಯಲ್ಲಿ ಗಿರಣಿ, ಮಾರುಕಟ್ಟೆ, ಕಾರ್ಮಿಕರ ಚಾಳು. ಧಾರವಾಡದಲ್ಲಿ ಕಡತ, ಪಾಠ, ಪೆನ್ಷನ್.

ದೊಡ್ಡ ಶಹರ ಬಿಟ್ಟು ಚಿಕ್ಕ ಊರಿಗೆ ಹೋಗಿ ನೆಲೆಸೋಣವೇ ಎಂಬ ಪ್ರಶ್ನೆ ಪುಣೆ, ಮುಂಬಯಿ, ಹೈದರಾಬಾದಿನ ಕನ್ನಡ ಮನೆಗಳಲ್ಲಿ ಆಗಾಗ ಏಳುತ್ತದೆ. ಹಾಗೆ ಎದ್ದಾಗ ಬಾಯಿಗೆ ಬರುವ ಮೊದಲ ನಾಲ್ಕೈದು ಹೆಸರುಗಳಲ್ಲಿ ಧಾರವಾಡ ಒಂದು. ಹವೆ, ಬಾಡಿಗೆ, ಶಾಲೆ, ಸಂಗೀತ, ಸಾಹಿತ್ಯ ಎಂದು ಪಟ್ಟಿ ಹಾಕಿದರೆ ಊರು ಚೆನ್ನಾಗಿಯೇ ಅಂಕ ಗಳಿಸುತ್ತದೆ. ಕನ್ನಡದ ‘ಊರು’ ಎಂಬ ಪದವೇ ಈ ಲೆಕ್ಕದಲ್ಲಿ ಸ್ವಲ್ಪ ಪಕ್ಷಪಾತ ಮಾಡುತ್ತದೆ ಅನ್ನಬೇಕು. ಹಳ್ಳಿಯೂ ಊರೇ, ಶಹರವೂ ಊರೇ, ಬಿಟ್ಟು ಬಂದದ್ದಂತೂ ಊರೇ. ಮೂವತ್ತು ವರ್ಷ ಡೊಂಬಿವಲಿಯಲ್ಲಿ ಇದ್ದವರೂ ‘ಊರಿಗೆ ಹೊರಟೆ’ ಎನ್ನುವುದು ಇನ್ನೊಂದು ದಿಕ್ಕಿಗೆ. ಆದ್ದರಿಂದ ಪಟ್ಟಿ ಬದಿಗಿಟ್ಟು, ಧಾರವಾಡದಲ್ಲಿ ಬದುಕಲು ಯತ್ನಿಸಿದವರ ಚರಿತ್ರೆಯನ್ನೇ ಕೇಳಿ ನೋಡುವುದು ಮೇಲು. ಯಾರು ಇದ್ದರು, ಯಾರು ಬಿಟ್ಟರು, ಬಿಟ್ಟವರಲ್ಲಿ ಯಾರು ಮರಳಿ ಬಂದರು.

ಹತ್ತೊಂಬತ್ತನೆಯ ಶತಮಾನದ ಧಾರವಾಡದಲ್ಲಿ ಕನ್ನಡಕ್ಕೇ ಜಾಗ ಸಾಲದಾಗಿತ್ತು. ಮುಂಬಯಿ ಪ್ರಾಂತ್ಯದ ಆಡಳಿತ, ಶಾಲೆಗಳಲ್ಲಿ ಮರಾಠಿ. ಅದನ್ನು ಬದಲಿಸಿ ಕನ್ನಡ ಶಾಲೆಗಳನ್ನು ಬೆಳೆಸಿದ ವಿದ್ಯಾಧಿಕಾರಿ ಡೆಪ್ಯುಟಿ ಚನ್ನಬಸಪ್ಪ ಸ್ವತಃ ಓದಿದ್ದು ಪುಣೆಯಲ್ಲಿ. 1890ರ ಜುಲೈ 20ರಂದು ರಾ.ಹ. ದೇಶಪಾಂಡೆಯವರು ಕರ್ನಾಟಕ ವಿದ್ಯಾವರ್ಧಕ ಸಂಘವನ್ನು ಸ್ಥಾಪಿಸಿದಾಗಲೂ ಈ ಭಾಗದಲ್ಲಿ ಪದವಿ ಬೇಕಾದವನು ರೈಲು ಹತ್ತಬೇಕಿತ್ತು. ಆಲೂರು ವೆಂಕಟರಾಯರು ಓದಿದ್ದು ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿ, ವಕೀಲಿ ಓದಿದ್ದು ಮುಂಬಯಿಯಲ್ಲಿ. ಓದಿ ಧಾರವಾಡಕ್ಕೆ ಬಂದರು. ವಕೀಲಿಗಿಂತ ಪತ್ರಿಕೆ, ಭಾಷಣ, ಏಕೀಕರಣದ ಕೆಲಸವೇ ಅವರ ಬದುಕನ್ನು ನುಂಗಿತು. ಹಣದ ಮಟ್ಟಿಗೆ ಅದು ಜಾಣ ಆಯ್ಕೆ ಆಗಿರಲಿಲ್ಲ.

ರೈಲ್ವೆ ಬಿಟ್ಟುಹೋದ ಕಟ್ಟಡವನ್ನು ತುಂಬಿದ್ದು ಇಂಥವರ ತಲೆಮಾರು. ರೊದ್ದ ಶ್ರೀನಿವಾಸರಾಯರು, ಅರಟಾಳ ರುದ್ರಗೌಡರು ಮೊದಲಾದವರು ನಿಧಿ ಕೂಡಿಸಲು ಓಡಾಡಿದರು. 1917ರಲ್ಲಿ ಕರ್ನಾಟಕ ಕಾಲೇಜು ಶುರುವಾಯಿತು. ಕೇಂದ್ರ ಕಚೇರಿ ಕಳೆದುಕೊಂಡ ಊರು ಅದರ ಗೋಡೆಗಳೊಳಗೆ ಕಾಲೇಜು ತಂದು ಕೂರಿಸಿತು. ಧಾರವಾಡದ ಬಗ್ಗೆ ಹೆಮ್ಮೆ ಪಡಬೇಕಾದದ್ದು ಪೇಡೆಗಿಂತ ಹೆಚ್ಚಾಗಿ ಈ ಸಂಗತಿಗೆ. ಅಂದಹಾಗೆ ಪೇಡೆಯೂ ಹೊರಗಿನದೇ. ಉತ್ತರದ ಉನ್ನಾವ್ ಕಡೆಯಿಂದ ವಲಸೆ ಬಂದ ಠಾಕೂರ್ ಮನೆತನ ತಂದ ಕಸುಬು. ಕೈಯಲ್ಲೇ ಕಸುಬು ಹೊತ್ತು ಬರುವವರಿಗೆ ಚಿಕ್ಕ ಊರು ಯಾವತ್ತೂ ಕಷ್ಟವಲ್ಲ. ಸಂಬಳದವರಿಗೆ ಕಷ್ಟ.

ಎಷ್ಟು ಕಷ್ಟ ಎಂಬುದಕ್ಕೆ ಊರಿನ ಅತ್ಯಂತ ದೊಡ್ಡ ಹೆಸರೇ ಸಾಕ್ಷಿ. ದ.ರಾ. ಬೇಂದ್ರೆ 1896ರಲ್ಲಿ ಧಾರವಾಡದಲ್ಲಿ ಹುಟ್ಟಿದರು. ಮನೆಮಾತು ಮರಾಠಿ, ಬರೆದದ್ದು ಬಹುಪಾಲು ಧಾರವಾಡದ ಕನ್ನಡದಲ್ಲಿ. ಪುಣೆಯಲ್ಲಿ ಪದವಿ ಮುಗಿಸಿ ಬಂದು ಊರಿನಲ್ಲೇ ಶಾಲಾ ಶಿಕ್ಷಕರಾದರು. ಗೆಳೆಯರ ಗುಂಪು ಕಟ್ಟಿದರು. 1932ರಲ್ಲಿ ‘ನರಬಲಿ’ ಎಂಬ ಕವಿತೆಗಾಗಿ ಬ್ರಿಟಿಷ್ ಸರ್ಕಾರ ಅವರನ್ನು ಹಿಂಡಲಗಾ ಜೈಲಿಗೆ ಹಾಕಿತು, ಆಮೇಲೆ ಧಾರವಾಡದ ಹತ್ತಿರದ ಮುಗದ ಎಂಬ ಹಳ್ಳಿಯಲ್ಲಿ ಇರಿಸಿತು. ಹೊರಬಂದಾಗ ನೌಕರಿ ಇರಲಿಲ್ಲ.

ಇಲ್ಲಿ ನಿಂತು ನೋಡಬೇಕು. ಊರು ಅವರನ್ನು ಪ್ರೀತಿಸುತ್ತಿತ್ತು. ಸಭೆಗೆ ಕರೆಯುತ್ತಿತ್ತು, ಹಾಡು ಹೇಳಿಸುತ್ತಿತ್ತು. ಆದರೆ ಪ್ರೀತಿಯಿಂದ ರೇಷನ್ ಬರುವುದಿಲ್ಲ. ಧಾರವಾಡದಲ್ಲಿ ಓದಿದವನಿಗೆ ಕೆಲಸ ಕೊಡಬಲ್ಲ ಧಣಿ ಅಂದರೆ ಸರ್ಕಾರ, ಇಲ್ಲವೇ ಸರ್ಕಾರದ ಅನುದಾನ ನಂಬಿದ ಶಾಲೆ. ಸರ್ಕಾರವೇ ಮುನಿಸಿಕೊಂಡರೆ ಎರಡನೆಯ ಬಾಗಿಲು ಇರಲಿಲ್ಲ. 1935ರಲ್ಲಿ ಅವರು ಎಂ.ಎ. ಮುಗಿಸಿದರು. ಆಮೇಲೂ ಹಲವು ವರ್ಷ ಸ್ಥಿರ ಸಂಪಾದನೆ ಇರಲಿಲ್ಲ. ಬೆಂಗಳೂರಿನಿಂದ ಮಾಸ್ತಿಯವರು ‘ಜೀವನ’ ಪತ್ರಿಕೆಯ ಕೆಲಸ ಕೊಟ್ಟು ಆಸರೆಯಾದರು. 1943ರಲ್ಲಿ ಶಿವಮೊಗ್ಗದಲ್ಲಿ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಬೇಂದ್ರೆ ಅಧ್ಯಕ್ಷರು. ಮರುವರ್ಷ, 48ರ ವಯಸ್ಸಿನಲ್ಲಿ, ಗಂಟುಮೂಟೆ ಕಟ್ಟಿಕೊಂಡು ಸೊಲ್ಲಾಪುರದ ಡಿ.ಎ.ವಿ. ಕಾಲೇಜಿಗೆ ಕನ್ನಡ ಪ್ರಾಧ್ಯಾಪಕರಾಗಿ ಹೋದರು.

ಸೊಲ್ಲಾಪುರ ಆಗ ಬಟ್ಟೆ ಗಿರಣಿಗಳ ಶಹರ. ಕನ್ನಡ, ಮರಾಠಿ, ತೆಲುಗು ಮೂರೂ ಬೀದಿಯಲ್ಲಿ ಕೇಳುತ್ತಿದ್ದವು. ಧೂಳು, ಸೆಕೆ. ಹವೆಯ ಅಂಕದಲ್ಲಿ ಧಾರವಾಡದ ಹತ್ತಿರವೂ ಬಾರದ ಊರು. ಆದರೆ ಅಲ್ಲಿ ಗಿರಣಿಯ ಸುತ್ತ ವ್ಯಾಪಾರ, ವ್ಯಾಪಾರದ ಸುತ್ತ ಕಾಲೇಜು, ಕಾಲೇಜಿನಲ್ಲಿ ಮೂರು ಭಾಷೆಯ ವಿದ್ಯಾರ್ಥಿಗಳು ಇದ್ದರು. ಕನ್ನಡದ ವರಕವಿಗೆ ಹನ್ನೆರಡು ವರ್ಷ ಸಂಬಳ ಕೊಟ್ಟದ್ದು ಈ ಊರು. ಸೊಲ್ಲಾಪುರದ ಕನ್ನಡಿಗರು ಇದನ್ನು ನೆನಪಿಸಿದಾಗ ಧಾರವಾಡದವರು ಸ್ವಲ್ಪ ಮುಜುಗರ ಪಡುವುದು ನ್ಯಾಯವೇ. ಗದಗಿನಿಂದ ವಿಜಾಪುರದ ಮೇಲೆ ಹೋಟಗಿಗೆ, ಅಂದರೆ ಸೊಲ್ಲಾಪುರದ ಬಾಗಿಲಿಗೆ, ಹೋಗುವ ಹಳಿಯಲ್ಲಿ ರೈಲು ಓಡಿಸುತ್ತಿದ್ದದ್ದು ಅದೇ ಸದರ್ನ್ ಮರಾಠಾ ಕಂಪನಿ. ಊರಿಗೆ ಕಚೇರಿ ತಂದ ರೈಲೇ ಊರಿನವರನ್ನು ಹೊರಗೂ ಒಯ್ಯಿತು.

ಬೇಂದ್ರೆ 1956ರಲ್ಲಿ ಮರಳಿದರು. ಸೊಲ್ಲಾಪುರದ ಅವಧಿ ಮುಗಿದದ್ದು ಒಂದು ಕಾರಣ. ಅದಕ್ಕಿಂತ ಮುಖ್ಯವಾಗಿ ಅಷ್ಟರಲ್ಲಿ ಧಾರವಾಡ ಬೇರೆ ಊರಾಗಿತ್ತು. 1947ರಲ್ಲಿ ಕೃಷಿ ಕಾಲೇಜು. 1949ರಲ್ಲಿ ಮುಂಬಯಿಯಲ್ಲಿ ಕಾಗದದ ಮೇಲೆ ಹುಟ್ಟಿದ ಕರ್ನಾಟಕ ವಿಶ್ವವಿದ್ಯಾಲಯ ಮರುವರ್ಷ ಧಾರವಾಡಕ್ಕೆ ಬಂತು, 1954ರಿಂದ ಡಿ.ಸಿ. ಪಾವಟೆಯವರ ಕೈಯಲ್ಲಿ ಬೆಳೆಯಿತು. 1950ರ ಜನವರಿ 8ರಂದು ಆಕಾಶವಾಣಿ ಕೇಂದ್ರ ಶುರುವಾಯಿತು. ಆಕಾಶವಾಣಿ ಬೇಂದ್ರೆಯವರನ್ನು ಸಲಹೆಗಾರರಾಗಿ ತೆಗೆದುಕೊಂಡಿತು. ಓದುಬರಹದವನಿಗೆ ಶಾಲೆಯೊಂದೇ ದಾರಿಯಾಗಿದ್ದ ಊರಿನಲ್ಲಿ ಈಗ ಮೂರು ನಾಲ್ಕು ಬಾಗಿಲುಗಳಿದ್ದವು. ಒಂದು ಮುಚ್ಚಿದರೆ ಇನ್ನೊಂದನ್ನು ತಟ್ಟಬಹುದಿತ್ತು.

ಧಾರವಾಡದ ಹೊಳೆಯುವ ದಶಕಗಳೆಂದು ನಾವು ನೆನೆಯುವುದು ಬಹುಪಾಲು ಈ ಬಾಗಿಲುಗಳು ತೆರೆದ ಮೇಲಿನವು. ಮನ್ಸೂರು ಹಳ್ಳಿಯಲ್ಲಿ 1910ರಲ್ಲಿ ಹುಟ್ಟಿದ ಮಲ್ಲಿಕಾರ್ಜುನ ಮನ್ಸೂರರು ಜೈಪುರ ಘರಾಣೆಯ ಗಾಯನ ಕಲಿತದ್ದು ಮಂಜೀಖಾನ್, ಬುರ್ಜೀಖಾನ್ ಅವರ ಬಳಿ. ಆದರೆ ಮನೆ ಧಾರವಾಡದಲ್ಲೇ ಇಟ್ಟುಕೊಳ್ಳಲು ಸಾಧ್ಯವಾಯಿತು. ಆಕಾಶವಾಣಿ ಇತ್ತು, ವಿಶ್ವವಿದ್ಯಾಲಯದ ಸಂಗೀತ ವಿಭಾಗ ಇತ್ತು, ಕಛೇರಿಗೆ ರೈಲು ಇತ್ತು. ಬಸವರಾಜ ರಾಜಗುರುಗಳೂ ಅಲ್ಲೇ ಉಳಿದರು. ಚೆನ್ನವೀರ ಕಣವಿ ವಿಶ್ವವಿದ್ಯಾಲಯದ ಪ್ರಸಾರಾಂಗದಲ್ಲಿ ದುಡಿಯುತ್ತ ಕವಿತೆ ಬರೆದರು. ಅದೇ ಕುಂದಗೋಳದ ಸವಾಯಿ ಗಂಧರ್ವರಲ್ಲಿ ಕಲಿತ ಭೀಮಸೇನ ಜೋಶಿ ಮಾತ್ರ ನೆಲೆ ನಿಂತದ್ದು ಪುಣೆಯಲ್ಲಿ. ಅವರು ಗದಗಿನವರು ಎಂದು ಹೇಳಿಕೊಳ್ಳುವುದು ಉತ್ತರ ಕರ್ನಾಟಕದವರಿಗೆ ಸಮಾಧಾನ. ಸವಾಯಿ ಗಂಧರ್ವ ಉತ್ಸವ ಮಾತ್ರ ಪುಣೆಯಲ್ಲೇ ಬೆಳೆಯಿತು.

ಸಂಸ್ಥೆಗಳನ್ನು ಹೀಗೆ ಹೊಗಳುವಾಗ ಒಂದು ಅಪವಾದ ಹೇಳಲೇಬೇಕು. 1933ರಲ್ಲಿ ಜಿ.ಬಿ. ಜೋಶಿ ಮನೋಹರ ಗ್ರಂಥಮಾಲೆ ಶುರು ಮಾಡಿದಾಗ ಯಾವ ಸರ್ಕಾರವೂ ಹಿಂದೆ ಇರಲಿಲ್ಲ. ಸುಭಾಷ್ ರಸ್ತೆಯ ಅದರ ‘ಅಟ್ಟ’ದಲ್ಲಿ ಬರೆಯುವವರಿಗೆ ಸಂಬಳ ಸಿಗುತ್ತಿರಲಿಲ್ಲ, ಓದುವವರು ಸಿಗುತ್ತಿದ್ದರು. ಗಿರೀಶ ಕಾರ್ನಾಡರ ಮೊದಲ ನಾಟಕ ‘ಯಯಾತಿ’ 1961ರಲ್ಲಿ ಅಲ್ಲಿಂದಲೇ ಬಂತು. ನೌಕರಿ ಮಾತ್ರ ಕಾರ್ನಾಡರಿಗೆ ಸಿಕ್ಕಿದ್ದು ಮದ್ರಾಸಿನಲ್ಲಿ, ಆಕ್ಸ್‌ಫರ್ಡ್ ಯೂನಿವರ್ಸಿಟಿ ಪ್ರೆಸ್ಸಿನಲ್ಲಿ. ಕೈಹಿಡಿದು ಬರೆಸುವ ಊರು ಒಂದು, ಅನ್ನ ಹಾಕುವ ಊರು ಇನ್ನೊಂದು.

ಈಚಿನ ಚರಿತ್ರೆಯನ್ನೂ ಹೀಗೇ ಓದಬಹುದು. 1956ರಲ್ಲಿ ಕನ್ನಡ ನಾಡು ಒಂದಾದ ಮೇಲೆ ತೀರ್ಮಾನದ ಕೇಂದ್ರ ಮುಂಬಯಿಯಿಂದ ಬೆಂಗಳೂರಿಗೆ ಸರಿಯಿತು. 1962ರಲ್ಲಿ ಹುಬ್ಬಳ್ಳಿಯನ್ನೂ ಧಾರವಾಡವನ್ನೂ ಒಂದೇ ಮಹಾನಗರಪಾಲಿಕೆಗೆ ಸೇರಿಸಲಾಯಿತು. ಹಣವೆಲ್ಲ ಹುಬ್ಬಳ್ಳಿಗೆ ಹೋಗುತ್ತದೆ ಎಂಬ ದೂರು ಧಾರವಾಡದಲ್ಲಿ ಆಗಿನಿಂದಲೂ ಇದೆ. 2025ರ ಜನವರಿಯಲ್ಲಿ ರಾಜ್ಯ ಸಚಿವ ಸಂಪುಟ ಪ್ರತ್ಯೇಕ ಪಾಲಿಕೆಗೆ ಒಪ್ಪಿತು. 2008ರಲ್ಲಿ ಹೈಕೋರ್ಟ್ ಪೀಠ, 2016ರಲ್ಲಿ ಐಐಟಿ ಬಂದವು. ಹೈಕೋರ್ಟ್ ಪೀಠಕ್ಕಾಗಿ ವಕೀಲರು ವರ್ಷಗಟ್ಟಲೆ ಹೋರಾಡಿದ್ದು ಬರೀ ಪ್ರತಿಷ್ಠೆಗೆ ಅಲ್ಲ. ಒಂದು ಪೀಠ ಬಂದರೆ ವಕೀಲ, ಗುಮಾಸ್ತ, ಟೈಪಿಸ್ಟ್, ಖಾನಾವಳಿ, ಬಾಡಿಗೆ ಕೋಣೆ ಎಲ್ಲಕ್ಕೂ ಜೀವ. 1908ರಲ್ಲಿ ಹೋದದ್ದನ್ನು ನೂರು ವರ್ಷಕ್ಕೆ ಸರಿಯಾಗಿ ಇನ್ನೊಂದು ರೂಪದಲ್ಲಿ ತಂದುಕೊಂಡಂತೆ.

ನೀರಿನ ಮಾತು ಬಿಟ್ಟರೆ ಈ ಲೆಕ್ಕ ಸುಳ್ಳಾಗುತ್ತದೆ. ಮಲಪ್ರಭೆಯ ನೀರು ಸವದತ್ತಿಯ ಕಡೆಯಿಂದ ಪೈಪಿನಲ್ಲಿ ಬಂದರೂ ನಲ್ಲಿಯಲ್ಲಿ ಬರುತ್ತಿದ್ದದ್ದು ಹಲವು ದಿನಗಳಿಗೊಮ್ಮೆ. 2008ರ ಸುಮಾರಿಗೆ ಹುಬ್ಬಳ್ಳಿ-ಧಾರವಾಡದ ಕೆಲವು ವಾರ್ಡುಗಳಲ್ಲಿ ಪ್ರಯೋಗವಾಗಿ ಇಪ್ಪತ್ನಾಲ್ಕು ತಾಸು ನೀರು ಬಂತು. ಉಳಿದ ವಾರ್ಡುಗಳಲ್ಲಿ ನೀರು ಬರುವ ದಿನವೇ ಮನೆಯ ಪಂಚಾಂಗ: ಅಂದು ಯಾರಾದರೂ ಮನೆಯಲ್ಲಿ ಇರಲೇಬೇಕು. ಹಾಗೆ ಇರಬೇಕಾದದ್ದು ಸಾಮಾನ್ಯವಾಗಿ ಹೆಂಗಸರು. ಹವೆ ಹೊಗಳುವ ಗಂಡಸರ ಲೇಖನಗಳಲ್ಲಿ ಈ ದಿನ ಕಾಣುವುದಿಲ್ಲ. ಶಾಂತಿಯ ಊರೆಂಬ ಮಾತಿಗೂ ಪೆಟ್ಟು ಬಿದ್ದಿದೆ. 2015ರ ಆಗಸ್ಟ್ 30ರ ಬೆಳಿಗ್ಗೆ ಸಂಶೋಧಕ ಎಂ.ಎಂ. ಕಲಬುರ್ಗಿಯವರನ್ನು ಕಲ್ಯಾಣನಗರದ ಮನೆಯಲ್ಲೇ ಗುಂಡಿಟ್ಟು ಕೊಂದರು. ಯಾರು ಬಾಗಿಲು ಬಡಿದರೂ ತೆರೆಯುವ ಪದ್ಧತಿಯ ಬಡಾವಣೆ ಅದು.

ಬೇಂದ್ರೆಯವರ ಕಾಲದಲ್ಲಿ ಎರಡನೆಯ ನೌಕರಿ ಎಂದರೆ ಮೊದಲನೆಯದು ಹೋದರೆ ಸಿಗಬೇಕಾದದ್ದು. ಈಗ ಮನೆಯಲ್ಲಿ ಇಬ್ಬರೂ ದುಡಿಯುವವರಾದರೆ ಎರಡೂ ಒಟ್ಟಿಗೇ ಬೇಕು. ಐಐಟಿಯಲ್ಲಿ ಒಬ್ಬರಿಗೆ ಕೆಲಸ ಸಿಕ್ಕಿತು, ಇನ್ನೊಬ್ಬರದು ಚಿತ್ರಸಂಕಲನವೋ ವಿಮಾ ಗಣಿತವೋ ಆದರೆ? ಹುಬ್ಬಳ್ಳಿಯನ್ನು ಸೇರಿಸಿಕೊಂಡರೆ, 2011ರ ಜನಗಣತಿಯಲ್ಲಿ ಸುಮಾರು 9.4 ಲಕ್ಷ ಜನರ ಜೋಡಿ ನಗರ ಇದು. ಅವಳಿ ಊರು ಪಕ್ಕದಲ್ಲಿರುವುದು ಧಾರವಾಡದ ಭಾಗ್ಯ, ಅಲ್ಲಿನವರು ಒಪ್ಪದಿದ್ದರೂ. 2020ರ ನಂತರ ಬೆಂಗಳೂರು, ಪುಣೆಯ ಕೆಲಸವನ್ನು ಧಾರವಾಡದ ಕೋಣೆಯಿಂದ ಮಾಡಿದವರು ಸಮಸ್ಯೆ ಮುಗಿಯಿತೆಂದೇ ತಿಳಿದರು. ಕಚೇರಿಗೆ ಮರಳಿ ಬನ್ನಿ ಎಂಬ ಇಮೇಲ್ ಬಂದ ದಿನ ಅವರ ಸ್ಥಿತಿ 1908ರ ರೈಲ್ವೆ ಗುಮಾಸ್ತನದೇ: ಊರು ಹಿಡಿಸಿದೆ, ಕಡತ ಮದ್ರಾಸಿಗೆ ಹೊರಟಿದೆ.

ಉಳಿದದ್ದು ಆಸ್ಪತ್ರೆ. ಹುಬ್ಬಳ್ಳಿಯಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜು 1957ರಿಂದ ಇದೆ, ಧಾರವಾಡದ ಸತ್ತೂರಿನಲ್ಲಿ ಇನ್ನೊಂದು ವೈದ್ಯಕೀಯ ಕಾಲೇಜು ಈ ಶತಮಾನದ್ದು. 1956ರಲ್ಲಿ ಸೊಲ್ಲಾಪುರ ಬಿಟ್ಟು ಬಂದ ಬೇಂದ್ರೆ ಕಾಲು ಶತಮಾನ ಸಾಧನಕೇರಿಯ ಮನೆಯಲ್ಲಿ ಇದ್ದರು. ಜ್ಞಾನಪೀಠ ಬಂದಾಗಲೂ ಅಲ್ಲೇ ಇದ್ದರು. 1981ರ ಅಕ್ಟೋಬರ್ 26ರಂದು ಅವರು ತೀರಿಕೊಂಡದ್ದು ಮುಂಬಯಿಯಲ್ಲಿ.