ಕಾವೇರಿಯ ಬಿಳಿಮೀನು, ಲೋಣಾವಳದ ಮರಿಗಳು

ವಿಲೆ ಪಾರ್ಲೆಯಿಂದ ಪೊವಾಯಿ ಕೆರೆ ದೂರವೇನಲ್ಲ. 1891ರಲ್ಲಿ ಕಟ್ಟಿದ ಆ ಕೆರೆಯ ದಂಡೆಯಲ್ಲಿ ಗಾಳ ಹಿಡಿದು, ಧ್ಯಾನಕ್ಕೆ ಕುಳಿತವರಂತೆ ಅಲ್ಲಾಡದೆ ಕುಳಿತವರನ್ನು ನಮ್ಮಲ್ಲಿ ಅನೇಕರು ನೋಡಿರಬಹುದು. ಮಳೆಗಾಲದಲ್ಲಿ ಪೊವಾಯಿ, ವಿಹಾರ ಕೆರೆಗಳಿಂದ ಉಕ್ಕಿ ಹರಿದ ನೀರೇ ಮೀಠಿ ನದಿಯಾಗಿ ವಿಮಾನ ನಿಲ್ದಾಣದ ಬಗಲಲ್ಲಿ ಹಾದು ಮಾಹಿಮಿನ ಖಾರಿಯನ್ನು ಸೇರುತ್ತದೆ. ಇಂದು ಆ ನದಿಯಲ್ಲಿ ಮೀನಿನ ಮಾತು ಎತ್ತಿದರೆ ಜನ ನಕ್ಕಾರು, ಅದಿರಲಿ. ನಾನು ಹೇಳಹೊರಟದ್ದು ಇನ್ನೊಂದು ನದಿಯ ಕಥೆ. ಆದರೆ ಅದಕ್ಕೂ ನಮ್ಮ ಮುಂಬಯಿಯ ನೆರೆಹೊರೆಗೂ ಒಂದು ನಂಟುಂಟು.

ಗಾಳ ಹಾಕಿ ಮೀನು ಹಿಡಿಯುವುದು ಸಾಹೇಬರ ಶೋಕಿ ಎಂಬ ಭಾವನೆ ನಮ್ಮಲ್ಲಿದೆ. ಇದು ಪೂರ್ತಿ ನಿಜವಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 1126ರಿಂದ 1138ರವರೆಗೆ ಆಳಿದವನು. ಅವನ ಸಂಸ್ಕೃತ ಗ್ರಂಥ ‘ಮಾನಸೋಲ್ಲಾಸ’ದಲ್ಲಿ ‘ಮತ್ಸ್ಯವಿನೋದ’ ಎಂಬ ಭಾಗವೇ ಇದೆ. ಯಾವ ಮೀನು ಎಲ್ಲಿರುತ್ತದೆ, ಯಾವುದಕ್ಕೆ ಯಾವ ಆಹಾರ ಒಡ್ಡಬೇಕು, ದಾರ ಹೇಗಿರಬೇಕು ಎಂದು ಅರಸನೊಬ್ಬ ಕುಳಿತು ವಿವರಿಸಿದ್ದಾನೆ. ಎಂಟುನೂರು ವರ್ಷಗಳ ಮೇಲೆ ಮತ್ಸ್ಯತಜ್ಞ ಸುಂದರಲಾಲ್ ಹೋರಾ ಅವರು ಅದನ್ನು ಓದಿ ಬೆರಗಾಗಿ ಅದರ ಮೇಲೆ ಲೇಖನ ಬರೆದರು.

ಇನ್ನು ಸಾಹೇಬರ ಮಾತು. ಅವರ ದೇಶದಲ್ಲಿ ಸಾಲ್ಮನ್ ಮೀನು ಋತು ಬಂದಾಗ ಹೊಳೆಯ ಪ್ರವಾಹಕ್ಕೆದುರಾಗಿ ಈಜಿ, ಹುಟ್ಟಿದ ತೊರೆಗೇ ಮೊಟ್ಟೆಯಿಡಲು ಮರಳುತ್ತದೆ. ಇಲ್ಲಿಗೆ ಬಂದವರಿಗೆ ಆ ಮೀನಿನ ಹಂಬಲ ಬಿಡಲಿಲ್ಲ. ನೀಲಗಿರಿಯ ತಣ್ಣನೆಯ ತೊರೆಗಳಲ್ಲಿ ಟ್ರೌಟ್ ಮೀನನ್ನು ತಂದು ಸಾಕಿದರು. ಆದರೆ ದಕ್ಷಿಣ ಕನ್ನಡದಲ್ಲಿ ಅಧಿಕಾರಿಯಾಗಿದ್ದ ಎಚ್. ಎಸ್. ಥಾಮಸ್ ಎಂಬಾತ ಇಲ್ಲಿಯದೇ ಮೀನೊಂದನ್ನು ಕಂಡು ಮಾರುಹೋದ. ತುಳುವಿನಲ್ಲಿ ಪೆರುವಾಲ್, ಕಾವೇರಿ ಸೀಮೆಯಲ್ಲಿ ಬಿಳಿಮೀನು, ದೇವಸ್ಥಾನದ ಮಡುವಿನಲ್ಲಿ ದೇವರಮೀನು, ಇಂಗ್ಲಿಷಿನಲ್ಲಿ ಮಹಸೀರ್. ಗಾಳಕ್ಕೆ ಸಿಕ್ಕಾಗ ಹೋರಾಡುವುದರಲ್ಲಿ ಇದು ಸಾಲ್ಮನ್‌ಗಿಂತ ಮಿಗಿಲೆಂದು ಅವನು ವಾದಿಸಿದ. 1873ರಲ್ಲಿ ಅವನ ಗಾಳದ ಪುಸ್ತಕ ಅಚ್ಚಾದದ್ದು ನಮ್ಮ ಮಂಗಳೂರಿನಲ್ಲೇ.

ಮಹಸೀರಿನ ನಡೆಯೂ ಹೆಚ್ಚುಕಡಿಮೆ ಸಾಲ್ಮನ್ನಿನದೇ. ಮುಂಗಾರಿನ ಕೆನ್ನೀರು ಏರುತ್ತಲೇ ಅದು ಮೇಲಕ್ಕೆ, ಉಪನದಿಗಳ ಕಡೆಗೆ ಹೊರಡುತ್ತದೆ. ನೊರಜುಗಲ್ಲಿನ ನೆಲದ ಮೇಲೆ ಮೊಟ್ಟೆಯಿಟ್ಟು, ನೀರು ಇಳಿದಾಗ ಆಳವಾದ ಮಡುಗಳಿಗೆ ಹಿಂದಿರುಗುತ್ತದೆ. ಬೇಸಗೆಯಲ್ಲಿ ನೀರು ತಿಳಿಯಾದಾಗ ಗಾಳದವರ ಸುಗ್ಗಿ. ಕಾವೇರಿಯಲ್ಲಿ ಗಾಳಕ್ಕೆ ಸಿಕ್ಕಿಸುತ್ತಿದ್ದುದು ಏನು ಗೊತ್ತೆ? ಬೇಯಿಸಿದ ರಾಗಿ ಮುದ್ದೆ! ಮೈಸೂರು ಕಡೆಯ ನಮ್ಮ ಮಿತ್ರರು ಇದನ್ನು ಓದಿ ಹೆಮ್ಮೆಪಡಬಹುದು.

1946ರ ಮಾರ್ಚಿಯಲ್ಲಿ ಕಬಿನಿಯಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಮನೆತನದವರೊಬ್ಬರು ಹಿಡಿದ ಮಹಸೀರಿನ ತೂಕ 120 ಪೌಂಡು, ಎಂದರೆ ಸುಮಾರು 54 ಕಿಲೋ. ಪ್ರಾಣಿಗಳ ಚರ್ಮಕ್ಕೆ ಹದಹಾಕಿ ಜೀವಂತದಂತೆ ನಿಲ್ಲಿಸುವುದರಲ್ಲಿ ಪ್ರಖ್ಯಾತವಾದ ಮನೆತನವದು. ಆದರೆ ಅಷ್ಟರಲ್ಲೇ ಮೀನಿನ ದಾರಿಗೆ ಗೋಡೆಗಳು ಎದ್ದಿದ್ದವು. 1911ರಲ್ಲಿ ಕೆಲಸ ಆರಂಭವಾದ ಕೃಷ್ಣರಾಜಸಾಗರ, 1934ರ ಮೆಟ್ಟೂರು, ಆಮೇಲೆ 1974ರಲ್ಲಿ ಕಬಿನಿಯ ಅಣೆಕಟ್ಟು. ಇವುಗಳಿಂದ ನಮ್ಮ ಊರುಗಳು ಅನ್ನ ಕಂಡವು, ದೀಪ ಕಂಡವು, ಬೇಡವೆನ್ನಲಾದೀತೆ? ಇದರ ಮೇಲೆ ಸಿಡಿಮದ್ದು ಬೇರೆ. ಮಡುವಿಗೆ ಒಂದು ಎಸೆದರೆ ಸಾಕು, ಮರಿ ಮುದಿ ಎನ್ನದೆ ಎಲ್ಲವೂ ಹೊಟ್ಟೆ ಮೇಲಾಗಿ ತೇಲುತ್ತಿದ್ದವು. 1897ರ ಮೀನುಗಾರಿಕೆ ಕಾಯಿದೆ ಸಿಡಿಮದ್ದನ್ನೂ ವಿಷವನ್ನೂ ನಿಷೇಧಿಸಿತ್ತು, ನಿಜ. ಆದರೆ ನಡುರಾತ್ರಿಯಲ್ಲಿ ಕಾಡಿನ ಹೊಳೆಯನ್ನು ಕಾಯುವವರು ಯಾರು? ದೇವರ ಭಯವೂ ಎಲ್ಲರಿಗೂ ಇಲ್ಲ. ಬೆಳ್ತಂಗಡಿ ತಾಲೂಕಿನ ಶಿಶಿಲ ದೇವಸ್ಥಾನದ ಹೊಳೆಗೆ 1996ರಲ್ಲಿ ಯಾರೋ ವಿಷ ಬೆರೆಸಿ ಸಾವಿರಾರು ದೇವರಮೀನುಗಳು ಸತ್ತವು. ಸತ್ತ ಮೀನುಗಳಿಗಾಗಿ ಊರವರು ಅಲ್ಲಿ ಸ್ಮಾರಕ ಕಟ್ಟಿದ್ದಾರೆ.

ಇನ್ನು ನಮ್ಮ ಕಡೆಯ ನಂಟು. ಲೋಣಾವಳದ ಸುತ್ತ ಟಾಟಾ ಕಂಪನಿಯವರು ಕಟ್ಟಿದ ಕೆರೆಗಳ ನೀರಿನಿಂದ 1915ರಲ್ಲಿ ಖೋಪೋಲಿಯಲ್ಲಿ ವಿದ್ಯುತ್ತು ಹುಟ್ಟಿ ಮುಂಬಯಿಗೆ ಬಂದದ್ದು ಹಿರಿಯರಿಗೆ ಗೊತ್ತು. ಅದೇ ಕೆರೆಗಳಲ್ಲೊಂದಾದ ವಳವಣದ ದಂಡೆಯಲ್ಲಿ 1970ರ ದಶಕದಲ್ಲಿ ಮಹಸೀರ್ ಮರಿ ಮಾಡುವ ಕೇಂದ್ರ ಬೆಳೆಯಿತು. ಹೆಣ್ಣು ಮೀನಿನ ಹೊಟ್ಟೆಯನ್ನು ಮೆಲ್ಲಗೆ ಒತ್ತಿ ಮೊಟ್ಟೆ ತೆಗೆದು, ಗಂಡಿನ ರೇತಸ್ಸು ಬೆರೆಸಿ, ಹರಿಯುವ ನೀರಿನಲ್ಲಿಟ್ಟು ಮರಿ ಮಾಡುವ ಕಲೆ. ಬಾಣಂತಿತನಕ್ಕಿಂತ ಕಡಿಮೆ ಆರೈಕೆಯದಲ್ಲ! ಲಕ್ಷಾಂತರ ಮರಿಗಳು ಅಲ್ಲಿಂದ ಬೇರೆ ಬೇರೆ ರಾಜ್ಯಗಳಿಗೆ ಹೋದವು; ಕಾವೇರಿಗೂ ಬಂದವು.

ಆ ಹೊತ್ತಿಗೆ ಕಾವೇರಿಯಲ್ಲೂ ಒಳ್ಳೆಯ ಕೆಲಸ ನಡೆದಿತ್ತು. 1972ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ದಕ್ಷಿಣ ಭಾರತ ವನ್ಯಜೀವಿ ಸಂಘ ಹೊಳೆಯ ಒಂದು ಭಾಗವನ್ನು ಗುತ್ತಿಗೆಗೆ ಹಿಡಿದು ಕಾವಲು ಹಾಕಿತು. ಭೀಮೇಶ್ವರಿ, ಗಾಳಿಬೋರೆಗಳಲ್ಲಿ ಸರಕಾರಿ ಬಿಡಾರಗಳು ಎದ್ದವು. ಹಿಡಿದ ಮೀನನ್ನು ತೂಗಿ, ಚಿತ್ರ ತೆಗೆದು, ಮರಳಿ ನೀರಿಗೆ ಬಿಡುವುದು ಅಲ್ಲಿಯ ಕಟ್ಟಳೆ. ಹಿಂದೆ ಕದ್ದು ಮೀನು ಹಿಡಿಯುತ್ತಿದ್ದವರಲ್ಲೇ ಕೆಲವರು ಹರಿಗೋಲು ನಡೆಸುವ ಮಾರ್ಗದರ್ಶಕರಾಗಿ, ಕಾವಲುಗಾರರಾಗಿ ಸಂಬಳ ಪಡೆದರು.

ಆದರೆ ಲೋಣಾವಳದಿಂದ ಬಂದದ್ದು ಬೇರೆಯೇ ಜಾತಿ ಎಂಬುದನ್ನು ಆಗ ಯಾರೂ ದೊಡ್ಡದಾಗಿ ಎಣಿಸಲಿಲ್ಲ. ಅದು ನೀಲಿ ರೆಕ್ಕೆಯ ಮಹಸೀರ್, ಪುಣೆಯ ಬಳಿಯ ನದಿಯ ಮೀನನ್ನು ನೋಡಿ ಸೈಕ್ಸ್ ಎಂಬ ಸೇನಾಧಿಕಾರಿ 1839ರಲ್ಲಿ ಹೆಸರಿಟ್ಟದ್ದು. ಕಾವೇರಿಯದು ಬೆನ್ನಿನಲ್ಲಿ ಡುಬ್ಬವುಳ್ಳ, ಕಿತ್ತಳೆ ರೆಕ್ಕೆಯ ದೈತ್ಯ. ಗಾಳಿಬೋರೆಯ ಬಿಡಾರದಲ್ಲಿ 1998ರಿಂದ 2012ರವರೆಗೆ ಬರೆದಿಟ್ಟ ಲೆಕ್ಕವನ್ನು ಸಂಶೋಧಕರು 2015ರಲ್ಲಿ ಪ್ರಕಟಿಸಿದಾಗ ಎದೆ ಧಸಕ್ಕೆನ್ನುವ ಸಂಗತಿ ಹೊರಬಿತ್ತು. ನೀಲಿ ರೆಕ್ಕೆಯವು ಏರುತ್ತಿದ್ದವು, ಡುಬ್ಬದವು ಇಳಿಯುತ್ತಿದ್ದವು. ಸಿಕ್ಕ ಡುಬ್ಬದ ಮೀನುಗಳು ವರ್ಷದಿಂದ ವರ್ಷಕ್ಕೆ ದೊಡ್ಡವಾಗುತ್ತಿದ್ದವು. ದೊಡ್ಡವಾದರೆ ಸಂತೋಷವಲ್ಲವೆ ಎಂದೀರಿ. ಅಲ್ಲ, ಮರಿಗಳೇ ಇಲ್ಲ, ಮುದುಕರಷ್ಟೇ ಉಳಿದ ಮನೆ ಎಂದು ಅದರರ್ಥ. ರಜೆಗೆ ಊರಿಗೆ ಹೋಗಿ ಬರುವ ನಮಗೆ ಅಂಥ ಮನೆಗಳು ಹೊಸವಲ್ಲ.

ಅಭಯಾರಣ್ಯದೊಳಗೆ ಗಾಳ ಹಾಕುವುದು 2012ರ ಹೊತ್ತಿಗೆ ನಿಂತಿತು. ಕಾನೂನಿನ ದೃಷ್ಟಿಯಿಂದ ಅದು ಸರಿಯೇ ಇರಬಹುದು. ಆದರೆ ಹೊಳೆಯನ್ನು ಹಗಲೂ ರಾತ್ರಿ ನೋಡುತ್ತಿದ್ದ ಕಣ್ಣುಗಳೂ, ಆ ಲೆಕ್ಕದ ಪುಸ್ತಕವೂ ಅದರೊಂದಿಗೇ ಹೋದವೆಂಬುದು ನನಗೆ ಖೇದದ ವಿಷಯ.

ಇನ್ನೊಂದು ವಿಚಿತ್ರ. ಒಂದೂವರೆ ಶತಮಾನ ಜಗತ್ತಿನ ಗಾಳಗಾರರೆಲ್ಲ ಕೊಂಡಾಡಿದ ಈ ಮೀನಿಗೆ ಸರಿಯಾದ ಶಾಸ್ತ್ರೀಯ ಹೆಸರೇ ಇರಲಿಲ್ಲ. ಕೇರಳದ ಪಾಂಬಾರಿನಲ್ಲಿ ಸಿಕ್ಕ ಸಣ್ಣ ಮೀನುಗಳಿಗೆ 2007ರಲ್ಲಿ ‘ಟೋರ್ ರೇಮಾದೇವಿ’ ಎಂದು ಹೆಸರಿಟ್ಟಿದ್ದರು. ಆ ಹೊಳೆಯ ನೀರೂ ಕೊನೆಗೆ ಕಾವೇರಿಗೇ ಸೇರುತ್ತದೆ. ಕಾವೇರಿಯ ದೈತ್ಯನೂ ಅದೇ ಎಂದು 2018ರಲ್ಲಿ ಖಚಿತವಾಯಿತು. ಹೆಸರು ಸಿಕ್ಕ ಆ ವರ್ಷವೇ ಅದು ಅಳಿವಿನ ಅತ್ಯಂತ ಅಂಚಿನಲ್ಲಿರುವ ಜೀವಿಗಳ ಅಂತರರಾಷ್ಟ್ರೀಯ ಪಟ್ಟಿಯನ್ನೂ ಸೇರಿತು. ಲೋಣಾವಳದ ನೀಲಿ ರೆಕ್ಕೆಯದು 2020ರಲ್ಲಿ ಅಪಾಯದ ಪಟ್ಟಿಯಿಂದ ಹೊರಬಂತು. ಅಲ್ಲಿ ದುಡಿದವರ ಶ್ರಮಕ್ಕೆ ಅದು ಸಂದ ಫಲವೇ. ಡುಬ್ಬದ ಬಿಳಿಮೀನು ಮಾತ್ರ ಈಗ ನೀಲಗಿರಿಯ ತಪ್ಪಲಿನ ಮೋಯಾರ್ ಹೊಳೆಯಂಥ ಕೆಲವೇ ಕಡೆ, ಮಳೆ ಬಂದಾಗ ಇನ್ನೂ ಮೇಲಕ್ಕೆ ಈಜುತ್ತಿದೆ.