ದೋಣಿ ಕುದುರೆಯ ದಾರಿ

ಇಂಗ್ಲೆಂಡಿನ ಕಾಲುವೆ ದಂಡೆಗಳಲ್ಲಿ ಓಡುವವರಿಗೆ ಏರು ಸಿಗುವುದು ಕಡಿಮೆ. ಸರಕು ದೋಣಿಗಳನ್ನು ಎಳೆಯುವ ಕುದುರೆಗಳಿಗಾಗಿ ಮಾಡಿದ ದಾರಿಗಳವು. ರಸ್ತೆಯಲ್ಲಿ ಒಂದೆರಡು ಟನ್ನಿಗೇ ಏದುಸಿರು ಬಿಡುವ ಕುದುರೆ ನೀರಿನ ಮೇಲೆ 25 ಟನ್ ಎಳೆಯುತ್ತಿತ್ತು.

ಸ್ಟಾಫರ್ಡ್‌ಶೈರ್‌ನ ಹೇರ್‌ಕ್ಯಾಸಲ್ ಗುಡ್ಡದ ಬುಡದಲ್ಲಿ ಈ ದಾರಿ ನಿಂತುಹೋಗುತ್ತದೆ. ಜೇಮ್ಸ್ ಬ್ರಿಂಡ್ಲಿ ಆರಂಭಿಸಿ, ಅವನು ತೀರಿಕೊಂಡ ಮೇಲೆ 1777ರಲ್ಲಿ ತೆರೆದ ಸುರಂಗದೊಳಗೆ ಕುದುರೆಗೆ ಜಾಗವಿರಲಿಲ್ಲ. ದೋಣಿಯವರು ಅಂಗಾತ ಮಲಗಿ, ಕಾಲಿನಿಂದ ಗೋಡೆ ಒತ್ತುತ್ತ, ಒಂದೂವರೆ ಮೈಲಿಗೂ ಹೆಚ್ಚು ದೂರ ಕತ್ತಲಲ್ಲಿ ದೋಣಿ ಸಾಗಿಸುತ್ತಿದ್ದರು. ಕುದುರೆಯನ್ನು ಬಿಚ್ಚಿ ಗುಡ್ಡದ ಮೇಲಿಂದ ನಡೆಸಿಕೊಂಡು ಹೋಗುತ್ತಿದ್ದರು. 1827ರಲ್ಲಿ ಥಾಮಸ್ ಟೆಲ್ಫರ್ಡ್‌ನ ಎರಡನೇ ಸುರಂಗದೊಳಗೆ ದಂಡೆದಾರಿ ಬಂತು. 1970ರ ದಶಕದಲ್ಲಿ ಅದನ್ನೂ ಕಿತ್ತುಹಾಕಿದರು.

ಹಾಗಾಗಿ ಇಂದಿನ ಓಟಗಾರರೂ ಗುಡ್ಡ ಹತ್ತಿ ಇಳಿಯಲೇಬೇಕು. ಮೇಲಿನ ರಸ್ತೆಗೆ ಈಗಲೂ ಬೋಟ್‌ಹಾರ್ಸ್ ರೋಡ್ ಎಂದೇ ಹೆಸರು.